ಬಂಡಾ ದ್ವೀಪಗಳು: ಜಾಯಿಕಾಯಿಯ ಏಕಸ್ವಾಮ್ಯದಿಂದ ಹವಳದ ಕಡಲಿಗೆ

ಇಂಡೊನೇಷ್ಯಾದ ಪೂರ್ವಭಾಗದ ಮಾಲುಕು ಪ್ರಾಂತ್ಯಕ್ಕೆ ಸೇರಿದ ಬಂಡಾ ದ್ವೀಪಗಳು ಭೂಪಟದಲ್ಲಿ ಹುಡುಕಿದರೂ ಸುಲಭಕ್ಕೆ ಕಣ್ಣಿಗೆ ಬೀಳದಷ್ಟು ಚಿಕ್ಕವು. ಸೆರಾಮ್ ಎಂಬ ದೊಡ್ಡ ದ್ವೀಪದಿಂದ ದಕ್ಷಿಣಕ್ಕೆ ಸುಮಾರು 140 ಕಿಲೋಮೀಟರ್ ದೂರದಲ್ಲಿ, ಆಗ್ನೇಯ ಅಂಚಿನಲ್ಲಿ ಏಳು ಸಾವಿರ ಮೀಟರಿಗೂ ಹೆಚ್ಚು ಆಳವಿರುವ ಬಂಡಾ ಸಮುದ್ರದಲ್ಲಿ ಈ ಹತ್ತು ಹನ್ನೊಂದು ನಡುಗಡ್ಡೆಗಳು ಚದುರಿವೆ. ಪೇಟೆ, ಬಂದರು, ಕೋಟೆಗಳಿರುವ ನೈರಾ, ತೋಟಗಳ ದೊಡ್ಡ ದ್ವೀಪವಾದ ಬಂಡಾ ಬೆಸಾರ್, ಇವೆರಡರ ಎದುರಿಗೆ ನೀರಿನಿಂದ ನೇರವಾಗಿ ಎದ್ದು ನಿಂತ ಗುನುಂಗ್ ಅಪಿ ಎಂಬ ಜೀವಂತ ಜ್ವಾಲಾಮುಖಿ ಒಂದೇ ಗುಂಪಾಗಿದ್ದರೆ, ಐ, ರುನ್ ಮತ್ತು ಹಟ್ಟಾ ದ್ವೀಪಗಳು ದೋಣಿಯಲ್ಲಿ ಹೋಗಬೇಕಾದಷ್ಟು ಆಚೆಗಿವೆ. ಇಂದು ಇಲ್ಲಿಗೆ ಬರುವ ಹೊರಗಿನವರಲ್ಲಿ ಹೆಚ್ಚಿನವರು ಕೈಯಲ್ಲಿ ದುಡ್ಡು ಕಡಮೆಯಿದ್ದು ಕಾಲಾವಕಾಶ ಹೆಚ್ಚಿರುವ ಯುವಜನರು. ಮೂರು ನಾಲ್ಕು ಗೆಳೆಯರು ಸೇರಿ ದೋಣಿಯ ಬಾಡಿಗೆಯನ್ನು ಹಂಚಿಕೊಂಡು, ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ ಮತ್ತು ಬಾಯಲ್ಲಿ ಕಚ್ಚಿ ಹಿಡಿಯುವ ಉಸಿರುಕೊಳವೆಯ ನೆರವಿನಿಂದ ನೀರಿನ ಮೇಲ್ಮೈಯಲ್ಲಿ ತೇಲುತ್ತ ಹವಳದ ದಿಬ್ಬಗಳನ್ನು ನೋಡುವ ಸ್ನಾರ್ಕೆಲಿಂಗ್‌ಗಾಗಿಯೇ ಅವರು ಇಷ್ಟು ದೂರ ಬರುತ್ತಾರೆ. ಆದರೆ ಅವರು ಹಾದು ಹೋಗುವ ಬಂದರು, ಮಲಗುವ ಮನೆ, ಉಣ್ಣುವ ಅನ್ನ ಮೀನು, ಯಾವುದನ್ನೇ ತೆಗೆದುಕೊಂಡರೂ ಅದರ ಹಿಂದೆ ಜಾಯಿಕಾಯಿಯ ವ್ಯಾಪಾರ ಏರಿ ಇಳಿದ ನಾನೂರು ವರ್ಷಗಳ ಚರಿತ್ರೆಯಿದೆ. ಅದನ್ನು ಬಿಟ್ಟು ಈ ದ್ವೀಪಗಳ ಚೆಲುವನ್ನಷ್ಟೇ ವರ್ಣಿಸುವುದು ಅಲ್ಲಿ ಸತ್ತವರಿಗೂ ಬದುಕಿದವರಿಗೂ ಮಾಡುವ ಅನ್ಯಾಯವಾಗುತ್ತದೆ.

ಜಾಯಿಕಾಯಿಯ ಮರ ಈ ದ್ವೀಪಗಳ ಸ್ವಂತ ಮರ. ಗಂಡು ಹೂವೂ ಹೆಣ್ಣು ಹೂವೂ ಬೇರೆ ಬೇರೆ ಮರಗಳಲ್ಲಿ ಬಿಡುವ, ನೆಟ್ಟ ಏಳೆಂಟು ವರ್ಷಗಳ ಮೇಲೆ ಫಲ ಕೊಡಲು ತೊಡಗುವ ಈ ಮರಕ್ಕೆ ನೆತ್ತಿಯ ಬಿಸಿಲು ಒಗ್ಗದ ಕಾರಣ, ಕೆನಾರಿ ಎಂಬ ಎತ್ತರದ ಮರಗಳ ನೆರಳಿನಲ್ಲಿಯೇ ಇದನ್ನು ಬೆಳೆಸುವುದು ಅಲ್ಲಿಯ ಹಳೆಯ ಪದ್ಧತಿ. ಬಾದಾಮಿಯ ರುಚಿಯನ್ನು ನೆನಪಿಸುವ ಕೆನಾರಿಯ ಬೀಜವೂ ತಿನ್ನಲು ಬರುತ್ತದೆ. ಮಾಗಿದ ಜಾಯಿಕಾಯಿ ಹಣ್ಣು ಮರದಲ್ಲಿದ್ದಾಗಲೇ ಎರಡು ಹೋಳಾಗಿ ಬಿರಿಯುತ್ತದೆ, ಬಿರಿದ ಕಡೆ ಗಾಢ ಕೆಂಪಿನ ಜಾಲರಿ ಕಾಣುತ್ತದೆ. ಆ ಜಾಲರಿಯೇ ಜಾಪತ್ರೆ, ಅದರ ಒಳಗಿನ ಕರಿಗಂದು ಚಿಪ್ಪಿನಲ್ಲಿ ಅಡಗಿರುವ ಬೀಜವೇ ಜಾಯಿಕಾಯಿ, ಇವೆರಡನ್ನೂ ಸುತ್ತುವರಿದ ದಪ್ಪನೆಯ ಹುಳಿಯಾದ ತಿರುಳು ವ್ಯಾಪಾರಿಯ ಲೆಕ್ಕಕ್ಕೆ ಬಾರದ ವಸ್ತು. ಪಶ್ಚಿಮ ಘಟ್ಟಗಳಲ್ಲಿ ಇದೇ ಕುಲದ ಮರಗಳಿವೆ. ಉತ್ತರ ಕನ್ನಡದ ಕತ್ತಲೆಕಾನಿನಂತಹ ಜೌಗು ಕಾಡುಗಳಲ್ಲಿ ಇವುಗಳ ಬಂಧುಬಳಗವೇ ಬೆಳೆದು ನಿಂತಿದೆ, ಮಲೆನಾಡಿನವರು ರಾಮಪತ್ರೆ ಎಂದು ಕರೆಯುವ ಮರದ ಪತ್ರೆಯನ್ನು ಮಾರುಕಟ್ಟೆಯಲ್ಲಿ ಜಾಪತ್ರೆಗೆ ಬೆರಕೆಯಾಗಿ ಬಳಸಿದ್ದೂ ಉಂಟು. ಆದರೆ ರಾಮಪತ್ರೆಯಲ್ಲಿ ಆ ಪರಿಮಳವಿಲ್ಲ. ಹಸುಗೂಸಿಗೆ ತೇಯ್ದು ನೆಕ್ಕಿಸುವ, ಪಾಯಸಕ್ಕೆ ಒಂದು ಚಿಟಿಕೆ ಉದುರಿಸುವ ನಿಜವಾದ ಜಾಯಿಕಾಯಿ ಹದಿನೆಂಟನೆಯ ಶತಮಾನದ ಉತ್ತರಾರ್ಧದವರೆಗೂ ಬಹುಮಟ್ಟಿಗೆ ಬಂಡಾದಿಂದಲೇ ಕಡಲು ದಾಟಿ ಬರಬೇಕಾಗಿತ್ತು.

ಬಂಡಾದಲ್ಲಿ ರಾಜನಿರಲಿಲ್ಲ. ಹಳ್ಳಿ ಹಳ್ಳಿಗೂ ಇದ್ದ ಹಿರಿಯರು, ಅಂದರೆ ಮಲಯ ಭಾಷೆಯಲ್ಲಿ ಒರಾಂಗ್ ಕಾಯಾ ಎನಿಸಿಕೊಂಡ ಸ್ಥಿತಿವಂತ ಮುಖಂಡರು, ಕೂಡಿ ಕುಳಿತು ಬೆಲೆಯನ್ನೂ ಕದನವನ್ನೂ ನಿರ್ಣಯಿಸುತ್ತಿದ್ದರು. ಬಂಡಾದವರು ತಾವೇ ಹಡಗು ಕಟ್ಟಿ ಮಲಕ್ಕಾದವರೆಗೆ ವ್ಯಾಪಾರಕ್ಕೆ ಹೋಗುತ್ತಿದ್ದರು. ನೆಲವೆಲ್ಲ ಜಾಯಿಕಾಯಿಗೇ ಮೀಸಲಾಗಿದ್ದುದರಿಂದ ಹೊಟ್ಟೆಗೆ ಬೇಕಾದದ್ದು ಹೊರಗಿನಿಂದಲೇ ಬರಬೇಕಿತ್ತು: ಸಾಗೋ ಎಂಬ ತಾಳೆಯ ಜಾತಿಯ ಮರದ ಕಾಂಡವನ್ನು ಕುಟ್ಟಿ, ತೊಳೆದು, ಬಸಿದು ತೆಗೆಯುವ ಹಿಟ್ಟು ಸೆರಾಮ್, ಕೇಯ್ ಮತ್ತು ಅರು ದ್ವೀಪಗಳಿಂದ, ಅಕ್ಕಿ ಜಾವಾದಿಂದ, ಉಡುವ ಬಟ್ಟೆ ಗುಜರಾತ್ ಮತ್ತು ಕೋರಮಂಡಲ ತೀರಗಳಿಂದ. ಭಾರತದ ಹತ್ತಿಬಟ್ಟೆಯೇ ಆ ಕಡಲುಗಳಲ್ಲಿ ನಾಣ್ಯದ ಕೆಲಸ ಮಾಡುತ್ತಿತ್ತು ಎಂಬುದನ್ನು ನೆನೆದರೆ, ಬಂಡಾದ ಚರಿತ್ರೆ ಯುರೋಪಿನವರು ಬಂದ ಮೇಲೆ ಆರಂಭವಾಯಿತು ಎಂಬ ಭಾವನೆ ಎಷ್ಟು ಪೊಳ್ಳೆಂದು ತಿಳಿಯುತ್ತದೆ. ಊಟಕ್ಕಾಗಿ ಹೊರಗಿನ ಹಡಗನ್ನು ಕಾಯುವ ಈ ಸ್ಥಿತಿ ಶಾಂತಿಯ ಕಾಲದಲ್ಲಿ ಸಮೃದ್ಧಿಯ ಗುರುತಾಗಿತ್ತು. ಮುತ್ತಿಗೆಯ ಕಾಲದಲ್ಲಿ ಅದೇ ಕೊರಳಿಗೆ ಉರುಳಾಯಿತು.

ಭಟ್ಕಳ, ಹೊನ್ನಾವರ, ವಿಜಯನಗರಗಳನ್ನು ಕಂಡು ಬರೆದ ಇಟಲಿಯ ಪ್ರವಾಸಿ ಲುದೋವಿಕೊ ದಿ ವರ್ತೇಮಾ, 1510ರಲ್ಲಿ ರೋಮಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಬಂಡಾಕ್ಕೂ ಹೋಗಿಬಂದುದಾಗಿ ಹೇಳಿಕೊಂಡಿದ್ದಾನೆ. ಕನ್ನಡ ನಾಡಿನ ಬಗೆಗಿನ ಅವನ ಮಾತುಗಳಿಗೆ ಇರುವ ಬೆಲೆ ಈ ಭಾಗಕ್ಕೆ ಇಲ್ಲ. ಅವನು ದಕ್ಷಿಣ ಭಾರತದಿಂದ ಮುಂದಕ್ಕೆ ಹೋಗಿರಲಾರನೆಂದೂ ಬಂದರುಗಳಲ್ಲಿ ಕೇಳಿದ್ದನ್ನು ಕಂಡದ್ದೆಂದು ಬರೆದಿರಬೇಕೆಂದೂ ಅನೇಕ ವಿದ್ವಾಂಸರು ಸಂದೇಹಪಟ್ಟಿದ್ದಾರೆ. ಸಂದೇಹವಿಲ್ಲದ ಮೊದಲ ಭೇಟಿ ಪೋರ್ಚುಗೀಸರದು: 1511ರಲ್ಲಿ ಮಲಕ್ಕಾವನ್ನು ಹಿಡಿದ ಅಲ್ಬುಕರ್ಕ್ ಕಳುಹಿಸಿದ ಅಂತೋನಿಯೊ ದ ಅಬ್ರೂನ ಹಡಗುಗಳು 1512ರಲ್ಲಿ ಬಂಡಾ ಮುಟ್ಟಿ ಸರಕು ತುಂಬಿಕೊಂಡು ಹಿಂದಿರುಗಿದವು. ಪೋರ್ಚುಗೀಸರು ಇಲ್ಲಿ ನೆಲೆಯೂರಲಾಗದೆ ಬಹುತೇಕ ಕೊಳ್ಳುವವರಾಗಿಯೇ ಉಳಿದರು. 1599ರಲ್ಲಿ ಬಂದ ಡಚ್ಚರ ಸ್ವಭಾವ ಬೇರೆ. 1602ರಲ್ಲಿ ಅವರ ಹಲವು ವ್ಯಾಪಾರಿ ಸಂಘಗಳು ಒಂದುಗೂಡಿ ವಿಒಸಿ ಎಂಬ ಮೊದಲಕ್ಷರಗಳಿಂದ ಹೆಸರಾದ ಸಂಯುಕ್ತ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ಕೋಟೆ ಕಟ್ಟುವ, ಸೈನ್ಯ ಇಡುವ, ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಪಡೆದಿದ್ದ ಈ ಕಂಪನಿ ಬಂಡಾದ ಕೆಲವು ಮುಖಂಡರಿಂದ ಜಾಯಿಕಾಯಿಯನ್ನು ತನಗಷ್ಟೇ ಮಾರತಕ್ಕದ್ದೆಂಬ ಪತ್ರಗಳಿಗೆ ರುಜು ಹಾಕಿಸಿಕೊಂಡಿತು. ಎಲ್ಲ ಹಳ್ಳಿಗಳೂ ಒಪ್ಪಿರದ, ಒಪ್ಪಿದವರಿಗೂ ಪೂರ್ಣವಾಗಿ ಅರ್ಥವಾಗಿರಲಾರದ ಆ ಪತ್ರಗಳನ್ನು ಮುಂದೆ ಮಾಡಿಯೇ ಮುಂದಿನ ಹಿಂಸೆಯೆಲ್ಲ ನಡೆಯಿತು.

1609ರಲ್ಲಿ ಡಚ್ ನೌಕಾಪತಿ ಪೀಟರ್ ವೆರ್ಹೂಫ್ ನೈರಾದಲ್ಲಿ ಕೋಟೆ ಕಟ್ಟಲು ತೊಡಗಿದಾಗ ಬಂಡಾದವರು ಮಾತುಕತೆಗೆಂದು ಕರೆದು ಅವನನ್ನೂ ಅವನ ಸಂಗಡಿಗರನ್ನೂ ಕೊಂದರು. ಆ ನೌಕಾಪಡೆಯಲ್ಲಿದ್ದ ಯಾನ್ ಪೀಟರ್‌ಸೋನ್ ಕೂನ್ ಎಂಬ ತರುಣ ವ್ಯಾಪಾರಿ ಮುಂದೆ ಕಂಪನಿಯ ಗವರ್ನರ್ ಜನರಲ್ ಆಗಿ, 1619ರಲ್ಲಿ ಇಂದಿನ ಜಕಾರ್ತಾದ ನೆಲದಲ್ಲಿ ಬಟಾವಿಯಾವನ್ನು ಸ್ಥಾಪಿಸಿದ. ಇತ್ತ ಡಚ್ಚರ ಪ್ರತಿಸ್ಪರ್ಧಿಯಾದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ನಥಾನಿಯೆಲ್ ಕೋರ್ಟ್‌ಹೋಪ್ 1616ರ ಕೊನೆಯಲ್ಲಿ ರುನ್ ದ್ವೀಪಕ್ಕೆ ಬಂದು, ಬೆರಳೆಣಿಕೆಯ ಜನರೊಂದಿಗೆ ಡಚ್ಚರ ಮುತ್ತಿಗೆಯನ್ನು ತಡೆದುಕೊಂಡು, 1620ರಲ್ಲಿ ಹತನಾದ. ಮರುವರ್ಷವೇ ಕೂನ್ ಹದಿಮೂರು ದೊಡ್ಡ ಹಡಗುಗಳು, ಒಂದೂವರೆ ಸಾವಿರಕ್ಕೂ ಹೆಚ್ಚು ಸೈನಿಕರು ಮತ್ತು ಕೂಲಿಗೆ ಕತ್ತಿ ಹಿಡಿದ ಜಪಾನೀಯರೊಂದಿಗೆ ಬಂಡಾ ಬೆಸಾರ್ ಮೇಲೆ ಇಳಿದ. 1621ರ ಮೇ 8ರಂದು, ನೈರಾದ ನಸ್ಸಾವ್ ಕೋಟೆಯ ಬಳಿ ಬಿದಿರಿನ ಆವರಣದೊಳಕ್ಕೆ ಒಯ್ದ 44 ಮಂದಿ ಒರಾಂಗ್ ಕಾಯಾಗಳ ತಲೆಯನ್ನು ಆ ಜಪಾನೀ ಕೂಲಿಗಳ ಕೈಯಿಂದ ಕಡಿಸಲಾಯಿತು. ದ್ವೀಪಗಳಲ್ಲಿ ಆಗ ಸುಮಾರು 15,000 ಜನರಿದ್ದರೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ಕತ್ತಿಗೆ, ಹಸಿವಿಗೆ, ರೋಗಕ್ಕೆ ಬಲಿಯಾದವರು, ಕಡಿದಾದ ಬೆಟ್ಟಗಳಿಂದ ಕಡಲಿಗೆ ಹಾರಿದವರು, ಬಟಾವಿಯಾಕ್ಕೆ ಗುಲಾಮರಾಗಿ ಸಾಗಿಸಲ್ಪಟ್ಟ ನೂರಾರು ಜನ, ದೋಣಿ ಹತ್ತಿ ಪೂರ್ವದ ದ್ವೀಪಗಳಿಗೆ ತಪ್ಪಿಸಿಕೊಂಡವರು, ಇವರನ್ನೆಲ್ಲ ಕಳೆದ ಮೇಲೆ ಸ್ವಂತ ನೆಲದಲ್ಲಿ ಉಳಿದವರು ಸುಮಾರು ಒಂದು ಸಾವಿರ. ಕಂಪನಿಯೊಳಗಿನ ಕೆಲವರೇ ಈ ಕ್ರೌರ್ಯವನ್ನು ಆಕ್ಷೇಪಿಸಿದರೂ ಕೂನ್‌ನ ಹುದ್ದೆಗೆ ಅದರಿಂದ ಕುಂದು ಬರಲಿಲ್ಲ.

ಜನರಿಲ್ಲದ ತೋಟಗಳನ್ನು ಕಂಪನಿ 68 ಪಾಲುಗಳಾಗಿ ವಿಂಗಡಿಸಿತು: ಬಂಡಾ ಬೆಸಾರ್‌ನಲ್ಲಿ 34, ಐ ದ್ವೀಪದಲ್ಲಿ 31, ನೈರಾದಲ್ಲಿ 3. ಡಚ್ ಭಾಷೆಯಲ್ಲಿ ಪೆರ್ಕ್ ಎನ್ನುವ ಈ ಪಾಲುಗಳನ್ನು ಪಡೆದ ಯುರೋಪಿಯನ್ ಗೇಣಿದಾರರು, ಅಂದರೆ ಪೆರ್ಕೆನಿಯರ್‌ಗಳು, ಬೆಳೆದದ್ದನ್ನೆಲ್ಲ ಕಂಪನಿ ಗೊತ್ತುಮಾಡಿದ ಬೆಲೆಗೆ ಕಂಪನಿಗೇ ಒಪ್ಪಿಸಬೇಕಿತ್ತು. ದುಡಿಯುವ ಕೈಗಳನ್ನು, ಅಂದರೆ ಗುಲಾಮರನ್ನು, ಕಂಪನಿ ಒದಗಿಸುತ್ತಿತ್ತು. ಕೇಯ್, ಅರು, ಬುಟೋನ್, ತಿಮೋರ್, ಜಾವಾಗಳಿಂದ ಮಾತ್ರವಲ್ಲದೆ ಭಾರತದ ಮಲಬಾರ್ ಮತ್ತು ಕೋರಮಂಡಲ ತೀರಗಳಿಂದಲೂ ಜನರನ್ನು ಹಿಡಿದು ಕೊಂಡು ತರಲಾಯಿತು. ತೋಟದ ಕೆಲಸದ ವಿಧಾನವನ್ನು ಇವರಿಗೆ ಕಲಿಸಿದವರು ಬದುಕುಳಿದ ಬಂಡಾದವರೇ ಎಂಬುದು ಈ ವೃತ್ತಾಂತದಲ್ಲಿ ಅತ್ಯಂತ ನೋವಿನ ಸಂಗತಿ. ತುದಿಯಲ್ಲಿ ಪುಟ್ಟ ಬುಟ್ಟಿ ಕಟ್ಟಿದ ಗಾಯ್-ಗಾಯ್ ಎಂಬ ಉದ್ದನೆಯ ಗಳದಿಂದ ಬಿರಿದ ಹಣ್ಣನ್ನಷ್ಟೇ ನೆಲಕ್ಕೆ ಬೀಳದಂತೆ ಕೊಯ್ಯುವುದು, ಜಾಪತ್ರೆಯನ್ನು ಹರಿಯದಂತೆ ಬೆರಳಿನಿಂದ ಬಿಡಿಸಿ ಬಿಸಿಲಿಗೆ ಹರವುವುದು, ಚಿಪ್ಪಿನ ಸಮೇತ ಬೀಜಗಳನ್ನು ಅಟ್ಟದ ಮೇಲೆ ಸುರಿದು ಕೆಳಗೆ ಸಣ್ಣಗೆ ಹೊಗೆಯಾಡುವ ಬೆಂಕಿಯಿಟ್ಟು ವಾರಗಟ್ಟಲೆ ಒಣಗಿಸುವುದು, ಅಲ್ಲಾಡಿಸಿದಾಗ ಒಳಗಿನ ಬೀಜ ಗಲಗಲಿಸತೊಡಗಿದ ಮೇಲೆ ಚಿಪ್ಪು ಒಡೆಯುವುದು, ಇಷ್ಟೂ ಆ ಹಳೆಯ ಅರಿವಿನ ಭಾಗ. ಕಂಪನಿ ಇದಕ್ಕೆ ಸೇರಿಸಿದ್ದು ಸುಣ್ಣವನ್ನು: ಬೇರೆಲ್ಲೂ ಮೊಳೆಯದಿರಲೆಂದು ರಫ್ತಿನ ಬೀಜಗಳನ್ನು ಸುಣ್ಣದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು.

ರುನ್ ದ್ವೀಪದ ಮೇಲಿನ ಹಕ್ಕನ್ನು ಇಂಗ್ಲಿಷರು ಬಿಟ್ಟುಕೊಟ್ಟು, ಅವರು 1664ರಲ್ಲಿ ಹಿಡಿದಿದ್ದ ಮ್ಯಾನ್‌ಹಟನ್ನನ್ನು ಡಚ್ಚರು ಅವರಿಗೇ ಬಿಟ್ಟ 1667ರ ಬ್ರೆಡಾ ಒಪ್ಪಂದ ಎಲ್ಲರೂ ಬಲ್ಲ ಕಥೆ. ಬಂಡಾದ ಪಾಲಿಗೆ ಅದಕ್ಕಿಂತ ನಿರ್ಣಾಯಕವಾದದ್ದು ಫ್ರೆಂಚ್ ಕ್ರಾಂತಿಯ ಮತ್ತು ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಬ್ರಿಟಿಷರು ಎರಡು ಸಲ, 1796ರಲ್ಲಿ ಮತ್ತು 1810ರಲ್ಲಿ, ದ್ವೀಪಗಳನ್ನು ವಶಪಡಿಸಿಕೊಂಡದ್ದು. ಆ ವರ್ಷಗಳಲ್ಲಿ ಸಾವಿರಗಟ್ಟಲೆ ಸಸಿಗಳೂ ಬೀಜಗಳೂ ಪೆನಾಂಗ್, ಸುಮಾತ್ರಾದ ಬೆಂಕುಲೆನ್ ಮತ್ತು ಸಿಂಹಳಕ್ಕೆ ಸಾಗಿದವು. 1840ರ ದಶಕದಲ್ಲಿ ವೆಸ್ಟ್ ಇಂಡೀಸಿನ ಗ್ರೆನಡಾಕ್ಕೂ ಮರ ತಲುಪಿತು. ಇಂದು ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಅಡಿಕೆ ತೋಟಗಳ ನಡುವೆ ಕಾಣುವ ಜಾಯಿಕಾಯಿ ಮರವೂ ಮೂಲದಲ್ಲಿ ಬಂಡಾದ ನೆಲದ್ದೇ. ಬೆಲೆ ಕುಸಿಯಿತು, 1860ರಲ್ಲಿ ಗುಲಾಮಗಿರಿ ರದ್ದಾಯಿತು, ಸ್ವಲ್ಪ ಕಾಲಕ್ಕೆ ಏಕಸ್ವಾಮ್ಯವೂ ಕೊನೆಗೊಂಡಿತು. ಅಮೃತಶಿಲೆ ಹಾಸಿದ ತೋಟದೊಡೆಯರ ಮನೆಗಳು ಸಾಲದಲ್ಲಿ ಮುಳುಗಿದವು. ಬಂಡಾ ಲೋಕದ ಮಾರ್ಗದಿಂದ ಬದಿಗೆ ಸರಿಯಿತು, ಹೀಗೆ ಸರಿದದ್ದರಿಂದಲೇ ಅದರ ನೀರು ಉಳಿಯಿತು ಎನ್ನಬೇಕು. 1857ರಿಂದ 1861ರ ನಡುವೆ ಕೆಲವು ಬಾರಿ ಇಲ್ಲಿಗೆ ಬಂದ ನಿಸರ್ಗ ವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೆಸ್, ಬಂದರಿನ ಏಳೆಂಟು ಮಾರು ಆಳದ ತಳದಲ್ಲಿಯೂ ಜೀವಂತ ಹವಳ ಸ್ಪಷ್ಟವಾಗಿ ಕಾಣುವುದೆಂದು 1869ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ. ಕಡಲನ್ನು ಅಷ್ಟು ನಿಚ್ಚಳವಾಗಿ ಕಂಡ ಅದೇ ವಾಲೆಸ್ ಡಚ್ಚರ ಜಾಯಿಕಾಯಿ ಏಕಸ್ವಾಮ್ಯವನ್ನು ಸಮರ್ಥಿಸಿಯೂ ಬರೆದ. ಆ ವಾದವನ್ನು ಇಂದು ಒಪ್ಪಲಾಗದು.

ಬದಿಗೆ ಸರಿದ ಊರು ವಸಾಹತು ಸರ್ಕಾರಕ್ಕೆ ಗಡೀಪಾರಿನ ತಾಣವಾಗಿ ಒದಗಿತು. ವೈದ್ಯರಾಗಿದ್ದ ರಾಷ್ಟ್ರೀಯವಾದಿ ಚಿಪ್ತೊ ಮಂಗುನ್‌ಕುಸುಮೊ ಅವರನ್ನು 1920ರ ದಶಕದ ಕೊನೆಯಲ್ಲಿ ಇಲ್ಲಿಗೆ ಕಳುಹಿಸಲಾಯಿತು. ಮುಂದೆ ಇಂಡೊನೇಷ್ಯಾದ ಮೊದಲ ಉಪರಾಷ್ಟ್ರಪತಿಯಾದ ಮೊಹಮ್ಮದ್ ಹಟ್ಟಾ ಮತ್ತು ಮೊದಲ ಪ್ರಧಾನಿಯಾದ ಸುತಾನ್ ಶಹರೀರ್ ಅವರನ್ನು 1936ರಲ್ಲಿ ಪಾಪುವಾದ ಮಲೇರಿಯಾ ಪೀಡಿತ ಬೋವೆನ್ ಡಿಗುಲ್ ಶಿಬಿರದಿಂದ ಇಲ್ಲಿಗೆ ವರ್ಗಾಯಿಸಿದರು. ಪೆಟ್ಟಿಗೆಗಟ್ಟಲೆ ಪುಸ್ತಕಗಳೊಂದಿಗೆ ಬಂದ ಹಟ್ಟಾ ಗಡಿಯಾರದಂತೆ ನಿಯಮಬದ್ಧರಾಗಿದ್ದು ಊರಿನ ಮಕ್ಕಳಿಗೆ ಪಾಠ ಹೇಳಿದರು. ಶಹರೀರ್ ಕೆಲವು ಮಕ್ಕಳನ್ನು ದತ್ತು ಮಕ್ಕಳಂತೆ ಸಾಕಿ, ಕಡಲಿಗೆ ಕರೆದೊಯ್ದು ಅವರೊಂದಿಗೆ ತಾವೂ ಆಡಿದರು. ಜಪಾನೀ ಸೈನ್ಯ ಸಮೀಪಿಸುತ್ತಿದ್ದ 1942ರ ಫೆಬ್ರವರಿಯ ಆರಂಭದಲ್ಲಿ ನೀರಿನ ಮೇಲೆ ಇಳಿಯಬಲ್ಲ ವಿಮಾನದಲ್ಲಿ ಇಬ್ಬರನ್ನೂ ಜಾವಾಕ್ಕೆ ಒಯ್ಯಲಾಯಿತು. ಸ್ವಾತಂತ್ರ್ಯದ ನಂತರ ರೋಜೆಂಗೈನ್ ದ್ವೀಪಕ್ಕೆ ಹಟ್ಟಾ ಎಂದೂ ಪಿಸಾಂಗ್ ದ್ವೀಪಕ್ಕೆ ಶಹರೀರ್ ಎಂದೂ ಹೊಸ ಹೆಸರು ಬಂತು. ಶಹರೀರ್ ಸಾಕಿದ ಆ ಮಕ್ಕಳಲ್ಲಿ ಒಬ್ಬರಾದ ಡೆಸ್ ಅಲ್ವಿ ಮುಂದೆ ರಾಜತಾಂತ್ರಿಕರಾಗಿ ದುಡಿದು ಊರಿಗೆ ಮರಳಿ, ಪಾಳುಬಿದ್ದ ಕೋಟೆ ಮನೆಗಳ ದುರಸ್ತಿಗೆ ಮುಂದಾದರು, ವಸತಿಗೃಹ ಕಟ್ಟಿದರು, ಕಡಲ ಪ್ರೇಮಿಗಳಿಗೆ ಬಂಡಾದ ದಾರಿ ತೋರಿಸಿದರು. 2010ರಲ್ಲಿ ತೀರಿಕೊಳ್ಳುವವರೆಗೂ ಈ ದ್ವೀಪಗಳ ಚರಿತ್ರೆಯನ್ನು ಬರೆದು ಹೇಳುವುದನ್ನು ಅವರು ನಿಲ್ಲಿಸಲಿಲ್ಲ.

1988ರ ಮೇ ತಿಂಗಳಲ್ಲಿ ಗುನುಂಗ್ ಅಪಿ ಸಿಡಿಯಿತು. ಜನರನ್ನು ದೋಣಿಗಳಲ್ಲಿ ತೆರವುಗೊಳಿಸಬೇಕಾಯಿತು, ಕೆಲವರು ಸತ್ತರು, ಉತ್ತರದ ಇಳಿಜಾರಿನಲ್ಲಿ ಹರಿದ ಲಾವಾ ಕಡಲಿಗಿಳಿದು ಅಲ್ಲಿದ್ದ ಹವಳವನ್ನು ಸುಟ್ಟು ಹೂಳಿತು. ಹವಳವೆಂದರೆ ಗಿಡವೂ ಅಲ್ಲ, ಕಲ್ಲೂ ಅಲ್ಲ. ಅತಿ ಸಣ್ಣ ಪ್ರಾಣಿಗಳು ಗುಂಪುಗೂಡಿ ಬದುಕುತ್ತ ಸುಣ್ಣವನ್ನು ಒಸರಿ ಕಟ್ಟಿಕೊಳ್ಳುವ ಮನೆ, ಆದ್ದರಿಂದ ಒಂದು ದಿಬ್ಬ ಬೆಳೆಯಲು ಬಹುಕಾಲ ಹಿಡಿಯುತ್ತದೆಂಬುದು ಸಾಮಾನ್ಯ ತಿಳಿವಳಿಕೆ. ಹೀಗಿರುವಾಗ, ಐದೇ ವರ್ಷಗಳಲ್ಲಿ ಆ ಲಾವಾ ಬಂಡೆಯ ಮೇಲೆ 124 ಜಾತಿಯ ಹವಳಗಳು ನೆಲೆಗೊಂಡು, ನೆಲದ ಶೇ. 60ಕ್ಕೂ ಹೆಚ್ಚು ಭಾಗವನ್ನು ಆವರಿಸಿ, ಮೇಜಿನಂತೆ ಹರಡುವ ಜಾತಿಯವು 90 ಸೆಂಟಿಮೀಟರಿಗೂ ಅಗಲವಾಗಿ ಬೆಳೆದಿದ್ದುದನ್ನು ದಾಖಲಿಸಿದ 1996ರ ಸಂಶೋಧನಾ ಪ್ರಬಂಧ ತಜ್ಞರಲ್ಲಿ ಅಚ್ಚರಿ ಮೂಡಿಸಿತು. ನೈರಾದಿಂದ ಅರ್ಧ ಗಂಟೆಯೂ ಹಿಡಿಯದ ಆ ಲಾವಾ ಹರಿವು ಇಂದು ಉಸಿರುಕೊಳವೆ ಹಿಡಿದು ಬರುವವರೆಲ್ಲ ಮೊದಲು ಕೇಳುವ ಜಾಗ.

ಅಗ್ಗದ ಪ್ರವಾಸಕ್ಕೆ ಬಂಡಾ ಒದಗಿಬಂದ ಬಗೆಯೂ ಅದರ ದೂರದಿಂದಲೇ ಆದದ್ದು. 1999ರಲ್ಲಿ ಮಾಲುಕು ಪ್ರಾಂತ್ಯದಲ್ಲಿ ಭುಗಿಲೆದ್ದ ಕ್ರೈಸ್ತ ಮುಸ್ಲಿಂ ಸಂಘರ್ಷ ಬಂಡಾವನ್ನೂ ಮುಟ್ಟಿ, ಹಳೆಯ ತೋಟದ ಮನೆತನಗಳ ರಕ್ತವೂ ಚೆಲ್ಲಿ, ಚಿಗುರುತ್ತಿದ್ದ ಪ್ರವಾಸ ಕೆಲವು ವರ್ಷ ಒಣಗಿಹೋಯಿತು. ಶಾಂತಿ ಮರಳಿದ ಮೇಲೆ ಬಂದವರು ದೊಡ್ಡ ಹೋಟೆಲುಗಳಿಗಿಂತ ಮನೆಯವರೇ ನಡೆಸುವ, ಬಾಡಿಗೆಯ ಜೊತೆಗೆ ಊಟವನ್ನೂ ಕೊಡುವ ಹೋಮ್‌ಸ್ಟೇಗಳನ್ನು ನೆಚ್ಚಿದರು. ಪೆಲ್ನಿ ಎಂಬ ಸರ್ಕಾರಿ ಹಡಗು ಸಂಸ್ಥೆಯ ದೊಡ್ಡ ಹಡಗುಗಳು ಆಂಬೋನ್‌ನಿಂದ ಹೊರಟು ಬಂಡಾ ನೈರಾದ ಕಟ್ಟೆಗೆ ಬಂದು ನಿಲ್ಲುತ್ತವೆ. ಊರಿಗೆ ಮರಳುವ ವಿದ್ಯಾರ್ಥಿಗಳು, ಕೋಳಿ ಬುಟ್ಟಿ ಹೊತ್ತ ವ್ಯಾಪಾರಿಗಳು, ಮಕ್ಕಳು ಮುದುಕರ ನಡುವೆ ಸಾಲು ಹಾಸಿಗೆಗಳ ಎಕಾನಮಿ ದರ್ಜೆಯಲ್ಲಿ ರಾತ್ರಿ ಕಳೆಯುವ ಗೆಳೆಯರ ಗುಂಪಿಗೆ ಇದೇ ಅತಿ ಕಡಮೆ ಖರ್ಚಿನ ದಾರಿ. ಪುಟ್ಟ ವಿಮಾನವೂ ವೇಗದ ದೋಣಿಯೂ ಇದ್ದರೂ ಹವೆ ಕೆಟ್ಟರೆ ಎರಡೂ ನಿಲ್ಲುತ್ತವೆ. ಪೂರ್ವ ಮತ್ತು ಪಶ್ಚಿಮ ಮಾರುತಗಳು ಬಲವಾಗಿ ಬೀಸುವ ತಿಂಗಳುಗಳನ್ನು ಬಿಟ್ಟು, ಅವುಗಳ ನಡುವಿನ ಮಾರ್ಚ್ ಏಪ್ರಿಲ್ ಅಥವಾ ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ಶಾಂತ ಕಡಲನ್ನು ನೋಡಿಕೊಂಡು ಬರುವವರೇ ಜಾಣರು. ಹಟ್ಟಾ ದ್ವೀಪದಲ್ಲಂತೂ ದೋಣಿಯೂ ಬೇಡ. ದಡದಿಂದ ಸ್ವಲ್ಪ ದೂರ ಈಜಿದರೆ ಮೊಣಕಾಲುದ್ದದ ಹವಳದ ಹಾಸು ಥಟ್ಟನೆ ಮುಗಿದು, ಕಡಲಿನ ಗೋಡೆ ಕಡುನೀಲಿಯ ಆಳಕ್ಕೆ ಇಳಿಯುತ್ತದೆ.

ಊಟದ ವಿಚಾರ ಇಷ್ಟೇ ಗಮನಕ್ಕೆ ಅರ್ಹವಾದದ್ದು. ಲೋಕದ ವ್ಯಾಪಾರ ಬೀಜವನ್ನೂ ಪತ್ರೆಯನ್ನೂ ಒಯ್ದಿತು. ಬಿಟ್ಟುಹೋದ ಹುಳಿ ತಿರುಳನ್ನು ಬಂಡಾದ ಅಡುಗೆಮನೆ ಕೈಬಿಡಲಿಲ್ಲ. ಅದನ್ನು ಸೀಳಿ ಸಕ್ಕರೆಯಲ್ಲಿ ಹಾಕಿ ಒಣಗಿಸಿದರೆ ಮನಿಸಾನ್ ಪಾಲಾ ಎಂಬ ಮಿಠಾಯಿ, ಕುದಿಸಿ ಗಟ್ಟಿ ಮಾಡಿದರೆ ಬೆಳಗಿನ ದೋಸೆಯಂತಹ ತೆಳು ತಿಂಡಿಗೂ ರೊಟ್ಟಿಗೂ ಸವರುವ ಜಾಮು, ಸೋಸಿದರೆ ಶರಬತ್ತು. ಇಕಾನ್ ಕುವಾ ಪಾಲಾ ಎಂಬ ತಿಳಿಸಾರಿನಲ್ಲಿ ಅಂದು ಹಿಡಿದ ಮೀನಿನ ತುಂಡುಗಳ ಜೊತೆ ತಿರುಳಿನ ಹೋಳುಗಳು ಬೇಯುತ್ತವೆ. ಹುಣಿಸೆ, ನಿಂಬೆ ಕೊಡುವ ಹುಳಿಯನ್ನು ಇಲ್ಲಿ ಜಾಯಿಕಾಯಿ ಹಣ್ಣೇ ಕೊಟ್ಟು, ಅದರೊಂದಿಗೆ ತನ್ನ ಸಣ್ಣ ಘಾಟನ್ನೂ ಬಿಡುತ್ತದೆ. ನೆರಳಿಗೆಂದು ನೆಟ್ಟ ಕೆನಾರಿಯ ಬೀಜವನ್ನು ಅರೆದು ಬದನೆಕಾಯಿಗೆ ಗಸಿ ಮಾಡುತ್ತಾರೆ, ಬೆಲ್ಲದೊಂದಿಗೆ ಚಿಕ್ಕಿಯನ್ನೂ ಮಾಡುತ್ತಾರೆ. ಕೆಂಡದ ಮೇಲೆ ಸುಟ್ಟ ಮೀನಿಗೆ ಹಸಿಮೆಣಸು, ಈರುಳ್ಳಿ, ನಿಂಬೆಯ ಹುಳಿ ಬೆರೆಸಿದ ಚೊಲೊ-ಚೊಲೊ ಎಂಬ ಚಟ್ನಿ, ಸಾಗೋ ಹಿಟ್ಟನ್ನು ಬಿಸಿನೀರಿನಲ್ಲಿ ತಿರುವಿ ಮಾಡಿದ ಪಪೇಡಾ ಎಂಬ ಅಂಟಂಟಾದ ಗಂಜಿ ಮಾಲುಕು ಪ್ರಾಂತ್ಯದ ಎಲ್ಲೆಡೆಯ ಊಟ. ದಕ್ಷಿಣ ಕನ್ನಡದ ತೋಟದ ಮನೆಗಳಲ್ಲಿಯೂ ಜಾಯಿಕಾಯಿಯ ಸಿಪ್ಪೆಯಿಂದ ಉಪ್ಪಿನಕಾಯಿ, ತಂಬುಳಿ ಮಾಡುವ ರೂಢಿ ಬೆಳೆದಿದೆ. ಮರ ಹೋದಲ್ಲೆಲ್ಲ ಅದರ ಜೊತೆ ಬದುಕುವವರು, ಮಾರುಕಟ್ಟೆ ಬಿಟ್ಟದ್ದನ್ನು ಹೀಗೆಯೇ ತಮ್ಮದಾಗಿಸಿಕೊಂಡಿದ್ದಾರೆ.

ಬಂಡಾದಲ್ಲಿ ಸ್ಥಳೀಯ ಊಟವೆಂದು ಬಡಿಸುವ ಈ ಅಡುಗೆ ಹಲವು ನಾಡುಗಳಿಂದ ಎಳೆದು ತರಲ್ಪಟ್ಟವರು, ಅವರ ಬೆನ್ನಿಗೆ ಬುಟೋನ್, ಜಾವಾಗಳಿಂದ ಬಂದು ನೆಲೆಸಿದವರು, ಬದುಕುಳಿದ ಅಲ್ಪಸಂಖ್ಯೆಯ ಬಂಡಾದವರು ಕೂಡಿ ಕಟ್ಟಿದ್ದು. ಈ ಮಿಶ್ರ ಜನ 1621ರ ನೆನಪನ್ನು ತಮ್ಮದೇ ಪೂರ್ವಿಕರ ನೆನಪೆಂಬಂತೆ ಕಾಪಾಡಿಕೊಂಡು ಬಂದಿದ್ದಾರೆ. ನೈರಾದಲ್ಲಿ ಆ 44 ಮಂದಿಯ ಸ್ಮಾರಕವಿದೆ, ಚಾಕಲೇಲೆ ಎಂಬ ಯುದ್ಧನೃತ್ಯವನ್ನು ಆ ಹತ್ಯೆಯ ಸ್ಮರಣೆಯಾಗಿಯೇ ಹಳ್ಳಿಗಳಲ್ಲಿ ಆಡುತ್ತಾರೆ, ಬಂಡಾ ಬೆಸಾರ್‌ನ ಲೊಂತೋರ್ ಹಳ್ಳಿಯ ಪವಿತ್ರ ಬಾವಿಯನ್ನು ಕೆಲವು ವರ್ಷಗಳಿಗೊಮ್ಮೆ ಊರೆಲ್ಲ ಸೇರಿ ತೊಳೆಯುವ ವಿಧಿಗೆ ದೂರದೂರದ ಬಂಧುಗಳು ಬರುತ್ತಾರೆ. ದ್ವೀಪಗಳಲ್ಲಿ ಈಗ ಆಡುವುದು ಮಲಯ ಭಾಷೆಯ ಒಂದು ರೂಪ. ಮೂಲ ಬಂಡಾ ಭಾಷೆ ಉಳಿದಿರುವುದು ಪೂರ್ವದ ಕೇಯ್ ದ್ವೀಪಗಳ ಬಂಡಾ ಎಲಿ ಮತ್ತು ಬಂಡಾ ಎಲಾತ್ ಎಂಬ ಎರಡು ಹಳ್ಳಿಗಳಲ್ಲಿ. ಕೂನ್‌ನ ಸೈನ್ಯದಿಂದ ತಪ್ಪಿಸಿಕೊಂಡು ದೋಣಿಗಳಲ್ಲಿ ಅಲ್ಲಿಗೆ ಸೇರಿದವರ ವಂಶದವರು ಇಂದಿಗೂ ಅದನ್ನು ಆಡುತ್ತಾರೆ.